ಅವ್ವನ ಸೀರೆ, ಆಡಿನ ಮೇಲಿನ ಅಪವಾದ

ಶ್ರಾವಣದ ಎರಡನೇ ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸಂತೆಕಲ್ಲೂರಿನ ಅಕ್ಕನ ಮನೆಯ ಪಡಸಾಲೆಯಲ್ಲಿ ಇದ್ದವರು ನಾಲ್ವರು: ಅಕ್ಕ, ಆಕೆಯ ಮೊಮ್ಮಗಳು, ಮೊಮ್ಮಗಳ ಐದು ತಿಂಗಳ ಕೂಸು ಮತ್ತು ನಾನು. ನಾಲ್ಕರ ಬಸ್ಸಿಗೆ ಕೂಸು ತಾಯಿಯ ಜೊತೆ ಲಿಂಗಸುಗೂರಿಗೆ, ತನ್ನ ತಂದೆಯ ಮನೆಗೆ ಹೊರಡುವುದಿತ್ತು. ಅಷ್ಟರೊಳಗೆ ಅದರ ಕೌದಿ ಮುಗಿಯಬೇಕಿತ್ತು.

ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಬೆರಳಗಲಕ್ಕೊಂದು ಸಾಲಿನಂತೆ ಅಕ್ಕ ಎರಡು ತಿಂಗಳು ಕೂತು ಹೊಲಿದಿದ್ದಳು. ನಡುವೆ ಅಂಗೈಯಗಲ ಜಾಗ ಮಾತ್ರ ಬಿಟ್ಟಿದ್ದಳು. ಅಲ್ಲಿ ಒಣರೊಟ್ಟಿಯ ಒಂದು ಚೂರು ಇಟ್ಟು, ಮೇಲೆ ಮನೆಯ ಹಿರಿಯಳೊಬ್ಬಳ ಸೀರೆಯ ತುಂಡು ಹಾಕಿ ಮುಚ್ಚಬೇಕು. ಇದಕ್ಕೆ ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತೇವೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಸೀರೆ ನಮ್ಮ ಅವ್ವನದೇ ಆಗಬೇಕೆಂದು ಅಕ್ಕನ ಹಟ. ಅವ್ವನ ಟ್ರಂಕು ಸಿಂಧನೂರಿನಲ್ಲಿ ನನ್ನ ಬಳಿ ಇತ್ತು.

ನಾನು ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡವಳು. ಬಳಸದ ವಸ್ತು ವರ್ಷಕ್ಕಿಂತ ಹೆಚ್ಚು ಮನೆಯಲ್ಲಿರಕೂಡದು ಎಂಬುದು ನನ್ನ ನಿಯಮ. ಹಿಂದಿನ ದಿನ ಟ್ರಂಕು ತೆರೆದಾಗ ನೆನಪಾಯಿತು: ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅದರೊಳಗಿನದನ್ನೆಲ್ಲ, ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹಾಕಿ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡಿದ್ದೆ. ಈಗ ಅದೇ ಡಬ್ಬಿಯಲ್ಲಿ ಶೇಂಗಾ ಉಂಡಿ ತುಂಬಿಕೊಂಡು ಬಂದಿದ್ದೆ. ತಪ್ಪನ್ನು ತಡಮಾಡದೆ ಹೇಳಿದೆ.

ಅಕ್ಕ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಚಲೋ ಐತಿ. ಮುಚ್ಚಳಾನೂ ಗಟ್ಟಿ ಐತಿ. ಕೂಸಿಗೆ ಇದನ್ನ ಹೊದಸಾಣೇನು?”

“ನನ್ನ ಸೀರಿ ಹರಕೊಡ್ತೀನಿ, ಅಕ್ಕಾ.”

“ನಿಂದು ಹಾಕಿದ್ರ ಕೂಸು ನಸಿಕ್ಲೆ ಐದಕ್ಕೆದ್ದು ಕವಾಯತ್ ಮಾಡ್ತೈತಿ. ಬ್ಯಾಡ. ಅವ್ವಂದಿಲ್ಲಂದ್ರ ಈ ಕೌದಿ ಇಲ್ಲೇ ಇರ್ಲಿ.”

ಮೊಮ್ಮಗಳು ನಕ್ಕಳು, ಅಕ್ಕ ನಗಲಿಲ್ಲ. ಆಕೆಗೆ ಕಣ್ಣು ಮಂಜಾಗಿದೆ. ಇದೇ ತನ್ನ ಕೊನೆಯ ಕೌದಿ ಎಂದು ಆಕೆಯೇ ಹೇಳಿದ್ದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೌದಿಯನ್ನು ಬದಿಗೆ ಸರಿಸಿದಳು. ನಾನು ಗಡಿಯಾರ ನೋಡಿದೆ. ಹತ್ತೂಕಾಲು.

“ಯಮ್ಮಾ, ನೀ ಹಾಸ್ಕೊಂಡು ಕುಂತೀಯಲ್ಲ, ಆ ಕೌದಿ ಯಾರು ಹೊಲ್ದಿದ್ದು?” ಎಂದು ಮೊಮ್ಮಗಳು ಅಜ್ಜಿಯನ್ನು ಕೇಳಿದಳು.

“ನಮ್ಮವ್ವ.”

“ಹಂಗಾದ್ರ ಅದರಾಗ ಆಕಿ ಸೀರಿ ಇರಂಗಿಲ್ಲೇನು?”

ಅಕ್ಕ ಎದ್ದು ನಿಂತಳು. ಬ್ಲೇಡು ನನ್ನ ಕೈಗೆ ಬಂತು. ಹಳೆಯ ಕೌದಿಯ ಒಂದು ಬದಿಯನ್ನು ಬಿಚ್ಚುತ್ತಾ ಹೋದೆ. ಮೊದಲು ಅಪ್ಪನ ಧೋತರ. ಅದರ ಕೆಳಗೆ ಹಸಿರು ಬಟ್ಟೆ, ಅಂಚಿಗೆ ಬಿಳಿ ಲೇಸು. ನನ್ನ ಕೈ ನಿಂತಿತು. ಅದು ನನ್ನ ಲಂಗ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಅದನ್ನು ಆಡು ತಿಂದಿತ್ತು. ಹಾಗೆಂದು ಅವ್ವನೇ ಹೇಳಿದ್ದಳು. ಬಟ್ಟೆ ಮಡಚಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ಕಥೆಯನ್ನು ಹಾಸ್ಟೆಲಿನ ಎಷ್ಟೋ ಹುಡುಗಿಯರಿಗೆ ಹೇಳಿದ್ದೇನೆ.

“ಅಕ್ಕಾ, ಇದನ್ನ ಆಡು ತಿಂದಿತ್ತಲ್ಲ?”

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಆಡು ಏನ್ ತಿಂತು. ಕೌದಿಗೆ ಅರಿವಿ ಕಡಿಮಿ ಬಿತ್ತು, ಅವ್ವ ನಿನ್ನ ಲಂಗ ಕತ್ತರಿಸಿದ್ಲು. ನೀ ಅಳ್ತಿ ಅಂತ ಆಡಿನ ಮ್ಯಾಲೆ ಹಾಕಿದ್ಲು. ನೀನರ ಎಂಟು ದಿನ ಆ ಆಡಿಗೆ ಮೇವು ಹಾಕಲಿಲ್ಲ ನೋಡಲೇ.”

“ಅಂದ್ರ ಅವ್ವನೂ ಕೇಳದ ತಗೊಂಡಾಳ.”

“ಹ್ಞೂಂ. ಆದ್ರ ಆಕಿ ಡಬ್ಬಿ ತಂದಿಲ್ಲ.”

ಈಗ ಅಕ್ಕನೂ ನಕ್ಕಳು. ಕೂಸು ಬೆಚ್ಚಿ ಎದ್ದಿತು.

ಲಂಗದ ಅಡಿಯಲ್ಲೇ ಅವ್ವನ ಬದನೆಬಣ್ಣದ ಇಳಕಲ್ ಸೀರೆಯಿತ್ತು. ಬಿಸಿಲು ಕಾಣದೆ ಬಣ್ಣ ಹಾಗೆಯೇ ಉಳಿದಿತ್ತು. ಅಂಗೈಯಗಲ ಕತ್ತರಿಸಿ ಕೊಟ್ಟೆ. ರೊಟ್ಟಿಯ ಚೂರಿಗೆ ಇರುವೆ ಬರುತ್ತದೆಂದು ಹೇಳಬೇಕೆನಿಸಿತು, ಹೇಳಲಿಲ್ಲ. ಅಕ್ಕನಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟೆ. ಮೂರು ಗಂಟೆಗೆ ಹೊಟ್ಟೆ ತುಂಬಿದ ಕೌದಿಯಲ್ಲಿ ಕೂಸನ್ನು ಸುತ್ತಿದೆವು. ನಾಲ್ಕರ ಬಸ್ಸು ನಾಲ್ಕೂವರೆಗೆ ಬಂತು.

ಅವರನ್ನು ಬಸ್ಸು ಹತ್ತಿಸಿ ಅಕ್ಕನ ಮನೆಗೆ ಮರಳಿದ ಮೇಲೆ ಹಳೆಯ ಕೌದಿಯ ತೆರೆದ ಬದಿ ನನ್ನನ್ನು ಕಾಡತೊಡಗಿತು.

“ಇದಕ್ಕ ನಿನ್ನ ಸೀರಿ ನಡಿತೈತಿ, ತಗೀ,” ಎಂದಳು ಅಕ್ಕ.

ಉಟ್ಟ ಸೀರೆಯ ಒಳತುದಿಯಿಂದ ಒಂದು ತುಂಡು ಹರಿದು ಅವ್ವನ ಸೀರೆಯ ಜಾಗಕ್ಕೆ ಸೇರಿಸಿದೆ. ಹಸಿರು ಲಂಗವನ್ನು ಇದ್ದಲ್ಲೇ ಬಿಟ್ಟು ಹೊಲಿದೆ. ಉಂಡಿಗಳನ್ನು ಅಕ್ಕನ ತಟ್ಟೆಗೆ ಸುರಿದು, ಡಬ್ಬಿ ತೊಳೆದು ಒರೆಸಿ, ಸೂಜಿ, ದಾರ, ಬ್ಲೇಡು ಮೂರನ್ನೂ ಅದರಲ್ಲಿ ಹಾಕಿ ಆಕೆಯ ಗೂಡಿನಲ್ಲಿಟ್ಟೆ. ಆರು ಗಂಟೆಯಾಗಿತ್ತು.