ದೊರೆ-ಸಾನ್ ಮತ್ತು ಅವರ ಅಕ್ಕ

ಅಲ್ವಾರೊ ನಮಸ್ಕಾರಕ್ಕೂ ಕಾರಣ ಕೇಳುವ ಮನುಷ್ಯ. ಜಪಾನಿನ ಕಾವಾಸಾಕಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು. ಅರವತ್ತು ದಾಟಿದ, ಸ್ಪೇನ್ ದೇಶದ ಮೇಷ್ಟರು. ಬೆಳಿಗ್ಗೆ ಎದುರಾದಾಗ ಹೇಗಿದ್ದೀರಿ ಎಂದರೆ, ಕನ್ನಡಕದ ಮೇಲಿಂದ ನನ್ನನ್ನು ಅಳೆದು ನೋಡಿ, "ಯಾಕೆ, ಯಾರಾದರೂ ಏನಾದರೂ ಹೇಳಿದರಾ?" ಎನ್ನುತ್ತಿದ್ದರು. ಬಾಗಿಲಲ್ಲಿಟ್ಟ ಪಾರ್ಸೆಲ್ ತಮ್ಮದೇ ಎಂದು ಗೊತ್ತಿದ್ದರೂ ಅದಕ್ಕೊಂದು ಪ್ರದಕ್ಷಿಣೆ ಹಾಕಿಯೇ ಮುಟ್ಟುವುದು. ಕೊರೋನಾ ಬಂದು ಊರಿಗೆ ಊರೇ ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗಿದಾಗ ಇವರಿಗೇನೂ ಹೊಸದನ್ನಿಸಲಿಲ್ಲ.

ನಾನೇನು ಕಡಿಮೆಯೇ? ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಚೆನ್ನಾಗಿ ಕಾಣುವುದನ್ನೇ ಮೊದಲು ಅನುಮಾನಿಸುವುದಕ್ಕೆ ನನಗೆ ಸಂಬಳ. ಹಾಗಾಗಿ, ತಾವು ಮಾರ್ಕೆಸ್ ಮನೆತನದವರು ಎಂದು ಅವರು ಲಿಫ್ಟಿನಲ್ಲಿ ಹೇಳಿದಾಗ ಒಳಗೊಳಗೇ ನಕ್ಕೆ. ಮಾರ್ಕೆಸ್ ಎಂದರೆ ಯಾವ ಕಾಲದಲ್ಲೋ ರಾಜ ಕೊಟ್ಟ, ವಂಶಪಾರಂಪರ್ಯವಾಗಿ ಬರುವ ಬಿರುದು. ಈಗ ಅದರ ಹಿಂದೆ ಜಹಗೀರಿಲ್ಲ, ಜಮೀನಿಲ್ಲ, ಬರೀ ಹೆಸರು. ನನ್ನ ಹೆಂಡತಿ ವೀಣಾ ಅಂತೂ ನಂಬಲೇ ಇಲ್ಲ. "ದೊರೆಗಳಂತೆ ದೊರೆಗಳು. ಸೂಪರ್‌ಮಾರ್ಕೆಟ್ಟಲ್ಲಿ ಊಟದ ಡಬ್ಬಿಗೆ ಹಾಫ್ ಪ್ರೈಸ್ ಸ್ಟಿಕ್ಕರ್ ಹಚ್ಚೋವರೆಗೂ ಕಾಯ್ತಾ ನಿಂತಿರ್ತಾರೆ ರೀ. ನೋಡ್ತಿರಿ, ಒಂದಿನ ನಮ್ಮ ಹತ್ರ ಏನೋ ಕೇಳೋಕೆ ಬರ್ತಾರೆ," ಎಂದಳು.

ಅಂದಿನಿಂದ ಮನೆಯಲ್ಲಿ ಅವರಿಗೆ ‘ದೊರೆ’ ಎಂದೇ ಹೆಸರು. ಜಪಾನಿನಲ್ಲೇ ಬೆಳೆದ ನಮ್ಮ ಮಗಳು ಅದಕ್ಕೆ ಅಲ್ಲಿಯವರು ಮರ್ಯಾದೆಗೆ ಹಚ್ಚುವ ‘ಸಾನ್’ ಸೇರಿಸಿ, ಒಂದು ಸಂಜೆ ಕಾರಿಡಾರಿನಲ್ಲಿ ‘ದೊರೆ-ಸಾನ್’ ಎಂದು ಕರೆದುಬಿಟ್ಟಳು. ಜಪಾನಿ ಭಾಷೆಯಲ್ಲಿ ‘ದೊರೆ’ ಎಂದರೆ ‘ಇದರಲ್ಲಿ ಯಾವುದು’ ಎಂಬ ಪ್ರಶ್ನೆ. ಅಲ್ವಾರೊ ಬೀಗದ ಕೈ ಹಿಡಿದುಕೊಂಡು ಹಾಗೇ ನಿಂತರು. ಮಾಸ್ಕಿನ ಮೇಲಿನ ಕಣ್ಣುಗಳು ಕಿರಿದಾದವು. "ಯಾವುದು ಅಂದರೆ? ನಾನೋ, ನಮ್ಮಕ್ಕನೋ ಅಂತಲಾ? ಪಿಲಾರ್ ನಿಮಗೂ ಫೋನ್ ಮಾಡಿದ್ದಾಳಾ?" ಎಂದು ನನ್ನನ್ನು ಕೇಳಿದರು.

ಪಿಲಾರ್ ಯಾರೆಂದು ನಾನೇನು ಕಂಡೆ! ಕನ್ನಡದ ದೊರೆಯ ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ, ನಮ್ಮಿಬ್ಬರ ಅರ್ಧ ಇಂಗ್ಲಿಷ್ ಅರ್ಧ ಜಪಾನಿಯಲ್ಲಿ, ವಿಷಯ ಹೊರಬಿತ್ತು. ಅವರ ತಂದೆ ಕೊರೋನಾದ ಮೊದಲ ವರ್ಷವೇ ತೀರಿಕೊಂಡಿದ್ದರು. ಹಿಂದೆ ಬಿರುದು ಗಂಡುಮಗನಿಗೇ ಹೋಗುತ್ತಿತ್ತು. ಅಲ್ವಾರೊ ಅವರನ್ನು ಚಿಕ್ಕಂದಿನಿಂದ ಮುಂದಿನ ಮಾರ್ಕೆಸ್ ಎಂದೇ ಬೆಳೆಸಿದ್ದರು. ನಡುವೆ ಕಾನೂನು ಬದಲಾಗಿ, ಹೆಣ್ಣಾಗಲಿ ಗಂಡಾಗಲಿ ಮೊದಲು ಹುಟ್ಟಿದವರಿಗೇ ಹಕ್ಕು ಎಂದಾಯಿತು. ಮೊದಲು ಹುಟ್ಟಿದವರು ಅಕ್ಕ ಪಿಲಾರ್. ಆಕೆ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಮಾತ್ರ ತಮ್ಮನ ಸರದಿ. ಆಕೆಯೋ, ನನಗೆ ಬೇಡ, ನೀನೇ ತಗೋ ಎನ್ನುತ್ತಿದ್ದರಂತೆ.

ಅದೇ ಇವರ ನಿದ್ದೆ ಕೆಡಿಸಿದ್ದು. "ಕೊನೇ ಬಿಸ್ಕತ್ತಿಗೂ ನನ್ನ ಕೈ ಕಚ್ಚಿದವಳು ಅವಳು. ಈಗ ಜಗಳಾನೇ ಇಲ್ಲದೆ ಕೊಡ್ತಾಳೆ ಅಂದರೆ ಏನೋ ಮುಚ್ಚಿಡ್ತಿದ್ದಾಳೆ," ಎನ್ನುತ್ತಿದ್ದರು.

ವೀಣಾ ಹೇಳಿದಂತೆಯೇ ದೊರೆ ಒಂದು ದಿನ ಕೇಳಲು ಬಂದೇಬಿಟ್ಟರು. ಕೇಳಿದ್ದು ಮಾತ್ರ ವಿಚಿತ್ರ. ಅಕ್ಕನಿಗೆ ವಿಡಿಯೊ ಕಾಲ್ ಮಾಡುವಾಗ ನಾನು ಪಕ್ಕದಲ್ಲಿ ಕೂತು ಆಕೆಯ ಮುಖ ನೋಡಬೇಕಂತೆ. ದೋಷ ಹುಡುಕುವುದು ನನ್ನ ಕಸುಬು. ಭಾಷೆ ಬಾರದವನಾದ್ದರಿಂದ ಮಾತಿಗೆ ಮರುಳಾಗುವ ಭಯವೂ ಇಲ್ಲ. ಕೂತೆ. ಪಿಲಾರ್ ದಪ್ಪ ಶಾಲು ಹೊದ್ದು, ತುಟಿಗೆ ಢಾಳಾಗಿ ಕೆಂಪು ಹಚ್ಚಿಕೊಂಡು ನಗುತ್ತಿದ್ದರು. ತಮ್ಮ ಕೆದಕಿ ಕೇಳಿದಾಗಲೆಲ್ಲ ಫೋನನ್ನು ಕಿಟಕಿಯ ಕಡೆ ತಿರುಗಿಸಿ ಹೊರಗಿನ ಬಿಸಿಲು ತೋರಿಸುತ್ತಿದ್ದರು. ಏನೋ ಮುಚ್ಚಿಡುತ್ತಿರುವುದು ನಿಜವೆಂದು ನನಗೂ ಅನ್ನಿಸಿತು, ಹಾಗೇ ಹೇಳಿದೆ. ಅಲ್ವಾರೊಗೆ ಗೆದ್ದಷ್ಟು ಖುಷಿ. ಇನ್ನು ಎದುರಿಗೇ ಹೋಗಿ ನೋಡಬೇಕು ಎಂದರು.

ಆಗ ವಿದೇಶಿಯರು ಜಪಾನ್ ಬಿಟ್ಟರೆ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಾರೆಂಬ ಖಾತರಿ ಇರಲಿಲ್ಲ. ಎಷ್ಟು ಹೇಳಿದರೂ ಕೇಳದೆ ಹೊರಟರು. ನಿಲ್ದಾಣದವರೆಗೆ ಸೂಟ್‌ಕೇಸ್ ಎಳೆದುಕೊಟ್ಟೆ. ಗಿಡಕ್ಕೆ ನೀರು ಹಾಕಿ ಎಂದು ಮನೆಯ ಕೀ ಕೊಟ್ಟವರು, ಗೇಟಿನ ಹತ್ತಿರ ಹೋದಮೇಲೆ ಏನೋ ಯೋಚಿಸಿ ವಾಪಸ್ ಬಂದು ಇಸಿದುಕೊಂಡು ಹೋದರು. ಅದೇ ಕೊನೆಯ ಭೇಟಿ. ಕೆಲವು ತಿಂಗಳಲ್ಲಿ ಆ ಮನೆಗೆ ಬೇರೆಯವರು ಬಂದರು. ನಗುನಗುತ್ತಾ ಮಾತಾಡಿಸುವ ಜನ. ನನಗೇಕೋ ಅಲ್ವಾರೊ ಇಲ್ಲದೆ ಬೇಸರವಾಗುತ್ತಿತ್ತು.

ಒಂದು ಭಾನುವಾರ ಅವರ ಫೋನ್ ಬಂತು. ನಮ್ಮ ಅನುಮಾನ ಸುಳ್ಳಾಗಿರಲಿಲ್ಲ. ಪಿಲಾರ್‌ಗೆ ಕ್ಯಾನ್ಸರ್. ಹೇಳಿದರೆ ತಮ್ಮ ಎಲ್ಲಿ ಕೆಲಸ ಬಿಟ್ಟು, ಈ ಕೊರೋನಾ ಕಾಲದಲ್ಲಿ ಓಡಿಬಂದಾನೋ ಎಂದು ಆಕೆ ಬಾಯಿ ಬಿಟ್ಟಿರಲಿಲ್ಲ. ಆಕೆ ಹೇಗಿದ್ದಾರೆ ಎಂದು ಕೇಳುವುದು ಬಿಟ್ಟು, ಹಾಗಾದರೆ ಬಿರುದು ಏನಾಯಿತು ಎಂದು ಕೇಳಿದೆ.

"ನಾನಂತೂ ಅರ್ಜಿ ಹಾಕಲ್ಲ ಅಂದುಬಿಟ್ಟೆ," ಎಂದರು. "ಬೈದು, ಜಗಳ ಆಡಿ, ಅವಳ ಕೈಲೇ ಹಾಕಿಸಿದೀನಿ. ನಮ್ಮ ಸರ್ಕಾರದೋರು ಭಾರೀ ನಿಧಾನ, ವರ್ಷಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೂ ಅವಳು ಬದುಕಿರಲೇಬೇಕಲ್ಲ."