ಉಪ್ಪಿನ ಗೆರೆ

ಇದು ನಡೆದದ್ದೇ. ಕತೆ ಕಟ್ಟುವ ಅಭ್ಯಾಸ ನನಗಿಲ್ಲ. ಆ ರಾತ್ರಿಯ ಫೈಲು ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ.

ಇನ್ನು ಆಸೆ ಬೇಡ ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಅವ್ವನನ್ನು ಸುರಪುರದ ಮನೆಗೆ ಕರೆತಂದಿದ್ದೆವು. ಮಗ್ಗುಲು ಬದಲಿಸಲೂ ಅವಳಿಗೆ ಆಗುತ್ತಿರಲಿಲ್ಲ. ಸಂಶೋಧನೆಗೆಂದು ನಾನೇ ಜೋಡಿಸಿದ್ದ ಒಂದು ಉಪಕರಣವನ್ನೂ ಜೊತೆಗೆ ತಂದಿದ್ದೆ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವಂಥದ್ದು. ಆದರೆ ಮೊದಲು ಅದಕ್ಕೆ ನಿಯಾನ್ ದೀಪದ ಬೆಳಕು ಹಾಯಿಸಬೇಕು. ಮೂಡಿದ ಗೆರೆಗಳನ್ನು ಗುರುತಿಸಿ, ಯಾವುದು ಯಾವ ತರಂಗಾಂತರದ್ದು ಎಂದು ಸಾಫ್ಟ್‌ವೇರಿಗೆ ಹೇಳಬೇಕು.

ಅಂದು ಸಂಜೆ ಅವ್ವ ಕೇಳಿದಳು. “ಇವತ್ತ ಅಮಾಸಿ ಅಲ್ಲೇನ? ನಿನ್ನ ನೆದರ ತೆಗೀಬೇಕು.”

“ಆರಾಮಾದ ಮ್ಯಾಲ ತೆಗಿಯಂತಿ, ಸುಮ್ಕ ಮಲಕೋ.”

ಆರಾಮಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ರಾತ್ರಿ ನಾನು ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟುವಾಗ ಅಪ್ಪ ಇಣುಕಿದ. “ಚುಕ್ಕಿ ಮ್ಯಾಲ ಅದಾವ, ನೀ ಇಲ್ಲಿ ಬಾಗಲಾ ಹಾಕ್ಕೊಂಡು ಏನ್ ನೋಡಾಕತ್ತೀದಿ?”

“ದೀಪ ನೋಡಾಕತ್ತೀನಪ್ಪಾ.”

“ದೀಪ ನೋಡಾಕ ಇಷ್ಟ ಓದಬೇಕಾತೇನು!” ಎಂದು ಹೋಗಿ ಅವ್ವನ ಮಂಚದ ಪಕ್ಕ ನೆಲದ ಮೇಲೆ ಮಲಗಿದ.

ನಿಯಾನ್ ದೀಪ ಹಚ್ಚಿ ಉಪಕರಣದ ಕ್ಯಾಮೆರಾ ಚಾಲೂ ಮಾಡಿದೆ. ಸುತ್ತ ಕತ್ತಲು... ಆಗ ಬಚ್ಚಲ ಕಡೆಯಿಂದ ಸದ್ದು ಬಂತು.

ಚಟ್... ಚಟಚಟ...

ಪ್ರತಿ ಅಮಾವಾಸ್ಯೆಗೆ ಅವ್ವ ನೆದರ, ಅಂದರೆ ದೃಷ್ಟಿ ತೆಗೆಯಲು ಉಪ್ಪು, ಒಣಮೆಣಸಿನಕಾಯಿ ನನಗೆ ನಿವಾಳಿಸಿ ಬಚ್ಚಲ ಒಲೆಯ ಕೆಂಡಕ್ಕೆ ಹಾಕುವಾಗ ಬರುತ್ತಿದ್ದ ಸದ್ದು ಅದು. ಘಾಟೆದ್ದು ಕೆಮ್ಮು ಬಂದರೆ ದೃಷ್ಟಿ ಇಲ್ಲ. ಘಾಟೇ ಬರದಿದ್ದರೆ ತಾಗಿದೆ ಎಂದರ್ಥ.

ಮೂಸಿದೆ. ಏನೂ ಇಲ್ಲ.

ಹೋಗಿ ನೋಡಿದೆ. ಒಲೆಯ ಬೂದಿ ತಣ್ಣಗಿತ್ತು.

ಮರಳಿ ಬಂದು ಗೆರೆಗಳನ್ನು ಗುರುತಿಸತೊಡಗಿದೆ. ಹಳದಿಯಲ್ಲಿ ಒಂದು ಗೆರೆ ಢಾಳಾಗಿತ್ತು. ಅಲ್ಲೇ ಇರಬೇಕಾದ ನಿಯಾನ್ ಗೆರೆ ಅದೇ ಎಂದುಕೊಂಡು ಅದರ ಸಂಖ್ಯೆ ಕೊಟ್ಟೆ. ಉಳಿದ ಗೆರೆಗಳೆಲ್ಲ ಜಾಗ ತಪ್ಪಿದವು. ಅದನ್ನು ತೆಗೆದುಹಾಕಿದೆ, ಎಲ್ಲವೂ ಸರಿಯಾಗಿ ಕೂತವು. ಹಾಗಾದರೆ ಇದು ಯಾವುದರದ್ದು? ಸಾಫ್ಟ್‌ವೇರೇ ಲೆಕ್ಕ ಹಾಕಿ ತೋರಿಸಿತು: ೫೮೯ ನ್ಯಾನೋಮೀಟರ್.

ಸೋಡಿಯಂ. ಬೆಂಕಿಗೆ ಉಪ್ಪು ಬಿದ್ದಾಗ ಹೊಳೆಯುವ ಹಳದಿ.

ಮುಚ್ಚಿದ ಕೋಣೆಯಲ್ಲಿ...

ಅವ್ವನ ಹತ್ತಿರ ಹೋದೆ. ಕಣ್ಣು ತೆರೆದೇ ಇದ್ದಳು.

“ನೆದರ ತೆಗದೆ,” ಪಿಸುಗುಟ್ಟಿದಳು. “ಘಾಟ ಬರಲಿಲ್ಲ ನೋಡವಾ...”

“ನೀ ಎದ್ದಿದ್ದೇನವ್ವಾ?”

“ನನಗೆಲ್ಲಿ ಏಳಾಕ ಬರ್ತದ, ಹುಚ್ಚಿ.”

ಅವಳ ಕೈ ಹಿಡಿದೆ. ಎಷ್ಟೋ ದಿನದಿಂದ ತಣ್ಣಗಿದ್ದ ಅಂಗೈ ಒಲೆಗೆ ಕಾಸಿದಂತೆ ಸುಡುತ್ತಿತ್ತು.

ಅವ್ವ ಆ ವಾರವೇ ಹೋದಳು.

ಅದೇ ಕೋಣೆಯಲ್ಲಿ, ಅದೇ ದೀಪದಿಂದ ಮತ್ತೆ ಮತ್ತೆ ಚಿತ್ರ ತೆಗೆದಿದ್ದೇನೆ. ಸೋಡಿಯಂ ದೀಪವೇನೋ ಎಂದು ನಮ್ಮ ಓಣಿಯ ಬೀದಿದೀಪವನ್ನೂ ಪರೀಕ್ಷಿಸಿದ್ದೇನೆ, ಅದು ಎಲ್‌ಇಡಿ. ಆ ಗೆರೆ ಮತ್ತೆ ಬಂದಿಲ್ಲ.

ಈಗ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಾಗಲೆಲ್ಲ ಅಪ್ಪ ಕೆಮ್ಮುತ್ತಾನೆ. “ಕಿಡಕಿ ತಗಿಯವಾ, ಏನ್ ಘಾಟಿದು!”

ತೆಗೆಯುತ್ತೇನೆ. ನನಗೂ ಬಂದಂತೆ ಒಮ್ಮೆ ಕೆಮ್ಮುತ್ತೇನೆ.

ಆ ರಾತ್ರಿಯಿಂದ ನನಗೆ ಘಾಟು ಬಂದೇ ಇಲ್ಲ...