ಎರಡನೆಯ ಟಾಕಿ

ನಮ್ಮವರ ಪಿಕಪ್ ಗಾಡಿಯ ಡೀಸೆಲ್ ಮುಳ್ಳು ಮೂರು ವರ್ಷದಿಂದ ಅರ್ಧಕ್ಕೇ ನಿಂತಿದೆ. ಟಾಕಿ ತುಂಬಿದರೂ ಅರ್ಧ, ಬರಿದಾದರೂ ಅರ್ಧ. ಹೀಗಾಗಿ ಒಮ್ಮೆ ಗಬ್ಬೂರು ದಾಟಿದ ಮೇಲೆ ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ನನ್ನ ತಮ್ಮ ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ, ದೇವದುರ್ಗದವರೆಗೆ ಎಳೆದುಕೊಂಡು ಬಂದ. ಹೆಂಡತಿಯ ತಮ್ಮನ ಟ್ರ್ಯಾಕ್ಟರಿನ ಹಿಂದೆ ಊರು ಹೊಕ್ಕಿದ್ದು ನಮ್ಮವರಿಗೆ ಸಾಯುವಷ್ಟು ಅವಮಾನ. ಬೇರೆ ಯಾರಾದರೂ ಆಗಿದ್ದರೆ ಮುಳ್ಳು ರಿಪೇರಿ ಮಾಡಿಸುತ್ತಿದ್ದರು. ಇವರು ರಾಯಚೂರಿಗೆ ಹೋಗಿ, ವೆಲ್ಡಿಂಗ್ ಅಂಗಡಿಯಲ್ಲಿ ಎರಡನೆಯ ಟಾಕಿ ಮಾಡಿಸಿ, ಕ್ಯಾಬಿನ್ನಿನ ಹಿಂದೆ ಕೂರಿಸಿಕೊಂಡು ಬಂದರು.

"ಇನ್ನ ನೋಡು, ಎಲ್ಲಿಗೆ ಬೇಕಾದ್ರೂ ಹೋಗಬಹುದು" ಎಂದರು.

"ಎಲ್ಲಿಗೆ ಹೋಗವ್ರದೀರಿ?" ಎಂದು ಕೇಳಿದೆ. ಅವರು ಹುಟ್ಟಿದಾಗಿನಿಂದ ಹೋದ ಅತಿ ದೂರದ ಊರು ಕರ್ನೂಲು, ಅದೂ ಬಸ್ಸಿನಲ್ಲಿ.

ಅದೇ ವಾರ ನನಗೆ ದೊಡ್ಡ ಆರ್ಡರು ಬಂದಿತ್ತು. ನಾನು ಕಟಿ ರೊಟ್ಟಿ, ಅಂದರೆ ತಿಂಗಳುಗಟ್ಟಲೆ ಕೆಡದ ಒಣ ರೊಟ್ಟಿ, ಮಾಡಿ ಮಾರುವವಳು. ಮಾನ್ವಿಯ ರೈಸ್‌ಮಿಲ್ಲಿನವರ ಹೊಸ ಮನೆಯ ಓಪನಿಂಗಿಗೆ ಎಂಟುನೂರು ಜೋಳದ ರೊಟ್ಟಿ ಬೇಕಿತ್ತು. ದೇವದುರ್ಗದ ಹೊರಗಿನಿಂದ ಬಂದ ಮೊದಲ ಆರ್ಡರು ಅದು. ಈ ಮನೆಯವರು ಮೆಚ್ಚಿದರೆ ಮಾನ್ವಿಯಲ್ಲಿ ನನಗೆ ದಾರಿ ತೆರೆದಂತೆ. ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ನಾಲ್ಕು ದಿನ ಬಡಿದೆ. ಅಂಗೈ ಕೆಂಪಗಾಗಿ ತುತ್ತು ಮುರಿಯಲೂ ಆಗುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಹೊಸ ಟಾಕಿಗೆ ಪೂಜೆ. ವಿಭೂತಿ, ಹೂವು, ಕಾಯಿ, ನಿಂಬೆಹಣ್ಣು, ಯಾವುದಕ್ಕೂ ಕಡಿಮೆಯಿಲ್ಲ. ನಮ್ಮ ಅತ್ತೆಯ ಮನೆತನದಲ್ಲಿ ಹೊಸ ಕೊಡವಾಗಲಿ, ಹೊಸ ಕಾಳಿನ ಡಬ್ಬಿಯಾಗಲಿ, ಮೊದಲ ಸಲ ತುಂಬಿ ತುಳುಕಲೇಬೇಕು. ಆ ಪದ್ಧತಿ ಡೀಸೆಲ್ ಟಾಕಿಗೂ ಬಂತು. ಬಂಕಿನವನು ಪಾಪ, ಪೈಪು ತೆಗೆದು ಹೇಳಿದ: "ಸಾಕ್ರಿ ಯಜಮಾನ್ರ, ಬಿಸಲಿಗೆ ಉಬ್ಬಿ ಹೊರಗ ಬರ್ತದ."

"ಅರ್ಧಂಬರ್ಧ ತುಂಬಿಸಿದ್ರ ಅಪಶಕುನ. ತುಳುಕಿಸಪಾ ನೀ" ಎಂದರು ನಮ್ಮವರು. ತುಳುಕಿತು. ಎರಡೂ ಕೈ ಮುಗಿದರು.

ಮರುದಿನ ರೊಟ್ಟಿ ಗಂಟುಗಳನ್ನು ಅಲುಗಾಡದಿರಲಿ ಎಂದು ಅದೇ ಟಾಕಿಗೆ ಆನಿಸಿ ಇಟ್ಟು, ಮೇಲೆ ತಾಡಪಾಲು ಕಟ್ಟಿದರು. ಅರಕೇರಾ ದಾಟುವಷ್ಟರಲ್ಲಿ ಬಿಸಿಲು ಏರಿತ್ತು. ನನಗೆ ವಾಸನೆ ಬಡಿಯಿತು. ಹೇಳಿದರೆ, "ಡೀಸೆಲ್ ಗಾಡ್ಯಾಗ ಡೀಸೆಲ್ ವಾಸನಿ ಬರದ ಮಲ್ಲಿಗಿ ವಾಸನಿ ಬರ್ತದೇನ?" ಎಂದು ನಕ್ಕರು. ನಾನೂ ದಡ್ಡಿ, ನಂಬಿಬಿಟ್ಟೆ.

ಮಾನ್ವಿಯಲ್ಲಿ ಆ ಮನೆಯ ಹಿರಿಯವ್ವ ಗಂಟು ಬಿಚ್ಚಿ, ಒಂದು ಚೂರು ಮುರಿದು ಮೂಗಿಗೆ ಹಿಡಿದಳು. "ಏನವ್ವಾ ಇದು? ರೊಟ್ಟಿನೋ, ಗಾಡಿ ಒರಸೋ ಅರಬಿನೋ?" ಎಂದಳು. ಟಾಕಿಯ ಮುಚ್ಚಳದ ಸಂದಿಯಿಂದ ಡೀಸೆಲ್ ಉಕ್ಕಿ, ಕೆಳಗಿನ ಗಂಟುಗಳು ಪೂರಾ ನೆನೆದಿದ್ದವು. ಮೇಲಿನವಕ್ಕೆ ವಾಸನೆ ಹತ್ತಿತ್ತು. ನೆಲ ಬಿರಿಯಬಾರದೇ ಅನಿಸಿತು. ನಾಲ್ಕು ದಿನದ ಕೆಲಸ ನೆನೆದು ಅಲ್ಲೇ ಅತ್ತುಬಿಟ್ಟೆ.

"ಮ್ಯಾಲಿನವು ನಡೀತಾವ, ಚಟ್ನಿ ಹಚ್ಚಿದ್ರ ಗೊತ್ತಾಗಂಗಿಲ್ಲ" ಎಂದರು ನಮ್ಮವರು. ನನಗೆ ತಲೆ ಕೆಟ್ಟು ಕೆರ ಹಿಡಿಯಿತು.

"ಎಲ್ಲಿಗೆ ಬೇಕಾದ್ರೂ ಹೋಗ್ತದ ಅಂದಿದ್ರಲ್ಲ? ನಡೀರಿ ಕಲ್ಮಲಕ್ಕ!"

ಕಲ್ಮಲದಲ್ಲಿ ನನ್ನ ಅಕ್ಕ ಇದ್ದಾಳೆ. ಅವಳನ್ನು ಕರೆದುಕೊಂಡು ಮನೆಮನೆ ತಿರುಗಿದೆ. ನಮ್ಮ ಕಡೆ ಕಟಿ ರೊಟ್ಟಿ ಇಲ್ಲದ ಮನೆ ಎಲ್ಲಿದೆ? ಹತ್ತು ಕೊಟ್ಟವರುಂಟು, ಇಪ್ಪತ್ತು ಕೊಟ್ಟವರುಂಟು. ಒಬ್ಬ ಸಾಬರ ಮನೆಯ ಹೆಂಗಸು "ಲೇಕೋ ಜಾವ್, ಸೋಚೋ ನಕ್ಕೋ" ಎಂದು ಬುಟ್ಟಿಯನ್ನೇ ಎತ್ತಿ ಕೊಟ್ಟು, ಯೋಚನೆ ಮಾಡಬೇಡವೆಂದು ಬೆನ್ನು ಸವರಿದಳು. ಅಷ್ಟನ್ನೂ ಕ್ಯಾಬಿನ್ನಿನಲ್ಲಿ ಪೇರಿಸಿ, ತೊಡೆಯ ಮೇಲೂ ಇಟ್ಟುಕೊಂಡು ಕೂತೆ. ನಮ್ಮವರು ತಲೆ ಹೊರಗೆ ಹಾಕಿ ಗಾಡಿ ಓಡಿಸಿದರು. ಮಧ್ಯಾಹ್ನದ ಊಟದ ಎರಡನೆಯ ಪಂಕ್ತಿಗೆ ಮುಟ್ಟಿದೆವು.

ಹೊರಡುವಾಗ ಹಿರಿಯವ್ವ ನನ್ನ ಅಂಗೈ ಹಿಡಿದು ನೋಡಿದಳು. "ಮುಂದಿನ ತಿಂಗಳ ಮೊಮ್ಮಗಳ ನಿಶ್ಚಯ ಅದ. ನಿನ್ನ ಕೈಯಾನ ರೊಟ್ಟಿನೇ ಬೇಕು. ಆದ್ರ ಹತ್ತು ಗಂಟಿಗೆ ಇಲ್ಲಿರಬೇಕು, ಮತ್ತ ಬಸ್ಸಿಗೇ ಬರಬೇಕು" ಎಂದಳು.

ನಮ್ಮವರು ಮಾತ್ರ ಊರೆಲ್ಲ ಬೇರೆಯದೇ ಹೇಳಿದರು: "ಎರಡನೇ ಟಾಕಿ ಇದ್ದದ್ದಕ್ಕ ಮಾನ ಉಳೀತು ನೋಡ್ರಿ. ಅವತ್ತಿನಿಂದ ಬಂಕಿನ ಮುಖಾನೇ ನೋಡಿಲ್ಲ ನಾ." ಕೇಳಿದವರು ಟಾಕಿ ತಟ್ಟಿ ನೋಡಿ ತಲೆದೂಗುತ್ತಿದ್ದರು.

ತಿಂಗಳಾದ ಮೇಲೆ ನಾನು ಗಂಟುಗಳೊಂದಿಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನಮ್ಮವರು ಪಿಕಪ್ ತಂದು ನಿಲ್ಲಿಸಿದರು. "ಗಂಟು ಕ್ಯಾಬಿನ್ನಾಗ ಇಡೂನು, ಬಾ." ನಾನು ಬಸ್ಸು ಹತ್ತಿದೆ. "ನಿನಗಿಂತ ಮೊದ್ಲ ನಾನೇ ಮಾನ್ವಿ ಮುಟ್ತೀನಿ, ನೋಡ್ತಿರು" ಎಂದು ಸಿಟ್ಟಿನಲ್ಲಿ ಗಾಡಿ ಬಿಟ್ಟುಕೊಂಡು ಮುಂದೆ ಹೋದರು.

ಅರಕೇರಾ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಬದಿಯಲ್ಲಿ ಪಿಕಪ್ ನಿಂತಿತ್ತು. ಎರಡೂ ಟಾಕಿಯ ಮುಚ್ಚಳ ತೆರೆದಿದ್ದವು. ನಮ್ಮವರು ಖಾಲಿ ಕ್ಯಾನು ಹಿಡಿದು ಬಸ್ಸಿಗೆ ಕೈ ಮಾಡುತ್ತಿದ್ದರು. ಗಡಿಯಾರ ನೋಡಿದೆ. ಹತ್ತಕ್ಕೆ ಇನ್ನು ಒಂದು ಗಂಟೆಯೂ ಇರಲಿಲ್ಲ.

ಕಂಡಕ್ಟರ್ ಸೀಟಿ ಬಾಯಿಗಿಟ್ಟುಕೊಂಡು ನನ್ನತ್ತ ತಿರುಗಿದ. "ಯಕ್ಕಾ, ನಿನಗ ಕೈ ಮಾಡಾಕತ್ತಾರಲ್ಲ, ಯಾರವ್ರು? ನಿಂದ್ರಸ್ಲೇನ?"

"ಯಾರೋ ಏನೋ, ನನಗ ಗೊತ್ತಿಲ್ಲಪಾ" ಎಂದು ಗಂಟುಗಳನ್ನು ಮಡಿಲಿಗೆ ಎಳೆದುಕೊಂಡೆ. "ರೈಟ್ ಅನ್ನು. ನಮ್ಮ ತಮ್ಮಗ ಫೋನ್ ಮಾಡ್ತೀನಿ, ಟ್ರ್ಯಾಕ್ಟರ್ ತರ್ತಾನ."